ಹಕ್ಕಿ ಹುಡುಕುವ ಮೊದಲು ಹೊಲ ನೋಡಿ: ಮಂಡ್ಯದಿಂದ ಹಂಪಿಗೆ ಚಳಿಗಾಲದ ದಾರಿ

ಪ್ರಶ್ನೆ: ನಾವು ಮಂಡ್ಯದವರು. ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ಕಾರಿನಲ್ಲಿ ಹಂಪಿಗೆ ಹೋಗಿ ಬರಬೇಕೆಂದಿದ್ದೇವೆ. ಎಂಟು ದಿನ ಬಿಡುವಿದೆ. ಎಪ್ಪತ್ತು ದಾಟಿದ ಅತ್ತೆ, ಹತ್ತು ವರ್ಷದ ಮಗಳು, ಆರು ವರ್ಷದ ಮಗ ಜೊತೆಗಿರುತ್ತಾರೆ. ಮಕ್ಕಳಿಗೆ ಪ್ರಾಣಿ, ಪಕ್ಷಿ ಎಂದರೆ ಪ್ರಾಣ. ಕಳೆದ ವರ್ಷ ಇದೇ ಸಮಯದಲ್ಲಿ ಬಂಡೀಪುರದ ಸಫಾರಿಗೆ ಹೋದಾಗ ಜಿಂಕೆ, ನವಿಲು ಬಿಟ್ಟರೆ ಏನೂ ಕಾಣಲಿಲ್ಲ. ಮಗ ಅಳುತ್ತಲೇ ಮನೆಗೆ ಬಂದ. ಈ ಸಲ ದಾರಿಯುದ್ದಕ್ಕೂ ಏನಾದರೂ ತೋರಿಸಲು ಸಾಧ್ಯವೇ? ಎಲ್ಲಿ ನಿಲ್ಲಬೇಕು? ದುರ್ಬೀನು ಕೊಳ್ಳಬೇಕೇ?

ಉತ್ತರ: ಖಂಡಿತ ಸಾಧ್ಯ. ಮೊದಲು ಮಗನ ಕಣ್ಣೀರಿನ ವಿಚಾರ ಮುಗಿಸೋಣ. ಡಿಸೆಂಬರ್‌ನಲ್ಲಿ ಬಂಡೀಪುರದ ಕಾಡು ಇನ್ನೂ ಹಸಿರಾಗಿರುತ್ತದೆ. ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ, ಸಣ್ಣಪುಟ್ಟ ಹಳ್ಳಗಳಲ್ಲೂ ನೀರು ಉಳಿದಿರುತ್ತದೆ. ಎಲ್ಲೆಡೆ ನೀರು, ಮೇವು ಸಿಗುವಾಗ ಆನೆಯಾಗಲಿ ಕಾಟಿಯಾಗಲಿ ಒಂದೇ ಕಡೆ ಸೇರಬೇಕಾದ ಅಗತ್ಯವಿಲ್ಲ. ಇಡೀ ಕಾಡಿನಲ್ಲಿ ಹಂಚಿಹೋಗುತ್ತವೆ. ದೊಡ್ಡ ಪ್ರಾಣಿಗಳನ್ನು ನೋಡಲೇಬೇಕೆಂದಿದ್ದರೆ ಹಳ್ಳಗಳು ಬತ್ತುವ ಮಾರ್ಚ್‌ನಿಂದ ಮೇ ತಿಂಗಳವರೆಗೆ ಕಾದು ಕಬಿನಿ ಹಿನ್ನೀರಿನ ಕಡೆಗೆ ಹೋಗಿ. ಚಳಿಗಾಲದ ಸಂಪತ್ತು ಇರುವುದು ಕಾಡಿನ ಹೊರಗೆ, ಕೆರೆ ಮತ್ತು ಹೊಲಗಳಲ್ಲಿ. ಅದಕ್ಕೆ ಟಿಕೆಟ್ ಬೇಕಿಲ್ಲ, ಜೀಪು ಬೇಕಿಲ್ಲ. ನೀವು ಹೊರಟಿರುವ ದಾರಿಯಂತೂ ಅದಕ್ಕೆ ಹೇಳಿ ಮಾಡಿಸಿದ್ದು.

ಈ ಪ್ರವಾಸದಲ್ಲಿ ನಿಮಗೆ ನಾನು ಹೇಳಿಕೊಡಬೇಕಾದ ಮುಖ್ಯ ಸಂಗತಿ ಒಂದೇ: ಹಕ್ಕಿಯನ್ನು ಹುಡುಕುವ ಮೊದಲು ಬೆಳೆ ಯಾವ ಹಂತದಲ್ಲಿದೆ, ನೀರು ಎಲ್ಲಿದೆ ಎಂದು ನೋಡಿ. ಕಟಾವಾದ ಗದ್ದೆ, ನಿಂತ ಕಬ್ಬು, ಕೆಂಪು ಮಣ್ಣಿನ ಕುರುಚಲು, ಕರಿಮಣ್ಣಿನ ಕಡಲೆ ಹೊಲ, ಇಳಿಯುತ್ತಿರುವ ಕೆರೆ, ಇವು ಒಂದೊಂದರಲ್ಲಿಯೂ ಬೇರೆ ಬೇರೆ ಜೀವಿಗಳಿರುತ್ತವೆ. ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು ಮಾರ್ಗವಾಗಿ ಹೋಗುವ 150ಎ ಹೆದ್ದಾರಿಯಲ್ಲಿ ಈ ಬದಲಾವಣೆಗಳು ಒಂದರ ಹಿಂದೊಂದು ಬರುತ್ತವೆ. ಬೆಂಗಳೂರು ಮಾರ್ಗದ ಆರು ಪಥದ ರಸ್ತೆಯಲ್ಲಿ ವೇಗ ಸಿಗುತ್ತದೆ, ನಿಲ್ಲಲು ಜಾಗ ಸಿಗುವುದಿಲ್ಲ. ಹೋಗುವಾಗ 150ಎ ಹಿಡಿಯಿರಿ.

ಮೊದಲ ದಿನ ಮಂಡ್ಯ ಜಿಲ್ಲೆಯನ್ನು ದಾಟುವ ಆತುರ ಬೇಡ. ಕನ್ನಂಬಾಡಿಯ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಆ ಹೊತ್ತಿಗೆ ಭತ್ತದ ಕೊಯ್ಲು ನಡೆದಿರುತ್ತದೆ. ಎಲ್ಲಾದರೂ ಕಟಾವು ಯಂತ್ರ ಗದ್ದೆಗೆ ಇಳಿದಿರುವುದು ಕಂಡರೆ ದೂರದಲ್ಲಿ ಗಾಡಿ ನಿಲ್ಲಿಸಿ. ಯಂತ್ರ ಮುಂದೆ ಸಾಗಿದಂತೆ ಮಿಡತೆ, ಕಪ್ಪೆ, ಇಲಿಗಳು ಹೊರಬೀಳುತ್ತವೆ. ಗೊರವಂಕ, ಕಾಜಾಣ, ಬೆಳ್ಳಕ್ಕಿಗಳು ಅದರ ಬೆನ್ನಿಗೇ ಇರುತ್ತವೆ, ಮೇಲೆ ಹದ್ದುಗಳು ಸುತ್ತುತ್ತವೆ. ವಿದ್ಯುತ್ ತಂತಿಯ ಮೇಲೆ ಒಂಟಿಯಾಗಿ, ಮಂಕಾಗಿ ಕೂತಿರುವ ಕಂದು ಹಕ್ಕಿಯೊಂದು ಥಟ್ಟನೆ ಕೆಳಗೆ ಎರಗಿದಾಗ ರೆಕ್ಕೆಯ ನೀಲಿ ಬಿಚ್ಚಿಕೊಳ್ಳುತ್ತದೆ; ಅದೇ ನೀಲಕಂಠ, ನಮ್ಮ ರಾಜ್ಯಪಕ್ಷಿ. ಆರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಹಕ್ಕಿ ಇಲ್ಲ. ಇನ್ನೂ ನೀರು ನಿಂತಿರುವ ಗದ್ದೆಯಾದರೆ ಬಾಯ್ಕಳಕ ಸಿಗುತ್ತದೆ. ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿಯುವ ಈ ಕೊಕ್ಕರೆ ಬಸವನಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಬದುವಿನ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕಗಳನ್ನೂ ಗಮನಿಸಿ. ಹಳದಿ ಹೊಟ್ಟೆಯವು ಹಿಮಾಲಯ ಮತ್ತು ಅದರಾಚೆಯ ನಾಡುಗಳಿಂದ ಚಳಿಗಾಲ ಕಳೆಯಲು ಬಂದವು. ಕಪ್ಪು ತಲೆಗೆ ಬಿಳಿ ಹುಬ್ಬು ತೀಡಿದಂತಿರುವುದು ವರ್ಷವಿಡೀ ಇಲ್ಲಿಯೇ ಇರುವುದು. ಅತಿಥಿ ಯಾರು, ಮನೆಯವರು ಯಾರು ಎಂದು ಮಗಳು ದಾರಿಯುದ್ದಕ್ಕೂ ಗುರುತು ಮಾಡಿಕೊಳ್ಳಲಿ.

ಕಬ್ಬಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಕಟಾವು ಆರಂಭವಾದ ತೋಟದ ಅಂಚಿನಲ್ಲಿ ಮುಂಗುಸಿ, ಕಾಡುಬೆಕ್ಕು, ಕಾಡುಹಂದಿ ಕಾಣುವುದುಂಟು. ಆದರೆ ನಮ್ಮ ಜಿಲ್ಲೆಗಳ ಕಬ್ಬಿನ ತೋಟಗಳಲ್ಲಿ ಚಿರತೆ ಮರಿ ಹಾಕುವುದೂ, ಕಟಾವಿನ ವೇಳೆ ಮರಿಗಳು ಸಿಗುವುದೂ ನಿಮಗೆ ಗೊತ್ತೇ ಇದೆ. ಮಕ್ಕಳನ್ನು ಕಬ್ಬಿನೊಳಗೆ ಬಿಡಬೇಡಿ, ಮೂತ್ರಕ್ಕೆಂದು ಕೂಡ. ಮುಸ್ಸಂಜೆ ಅಲ್ಲಿ ಇಳಿಯಲೇಬೇಡಿ.

ಡಿಸೆಂಬರ್‌ನಲ್ಲಿ ಡಾಂಬರು ರಸ್ತೆಗಳೂ ಒಂದು ಬಗೆಯ ಹೊಲವೇ. ನಾಗಮಂಗಲದ ಆಚೆ ಈಚೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದು ಇನ್ನೂ ನಿಂತಿಲ್ಲ. ಒಣ ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಪ್ರಕರಣಗಳು ನಮ್ಮ ಕಡೆ ಆಗಿವೆ. ಸಾಧ್ಯವಾದರೆ ಬದಿಯಿಂದ ದಾಟಿ. ಇಲ್ಲದಿದ್ದರೆ ದಾಟಿದ ಮೇಲೆ ನಿಲ್ಲಿಸಿ ಗಾಡಿಯ ಅಡಿಯನ್ನು ನೋಡಿ. ಚೆಲ್ಲಿದ ಕಾಳಿಗೆ ಬೆಳವ, ಪಾರಿವಾಳ, ಗುಬ್ಬಚ್ಚಿ ಇಳಿಯುತ್ತವೆ, ಕತ್ತಲಾದ ಮೇಲೆ ಇಲಿಗಳು ಬರುತ್ತವೆ, ಇಲಿಗಳಿಗಾಗಿ ಗೂಬೆ ಮತ್ತು ಹಾವು ಬರುತ್ತವೆ. ಜೊತೆಗೆ ಹಗಲೆಲ್ಲ ಬಿಸಿಲುಂಡ ಡಾಂಬರು ಚಳಿಗಾಲದ ಸಂಜೆಯಲ್ಲಿ ಸುತ್ತಲಿನ ಮಣ್ಣಿಗಿಂತ ಬೆಚ್ಚಗಿರುತ್ತದೆ. ಆ ಬಿಸಿಗೆ ಹಾವುಗಳು ಮೈಚಾಚುತ್ತವೆ, ನತ್ತಿಂಗ ಎಂಬ ಇರುಳು ಹಕ್ಕಿಗಳು ನೆಲಕ್ಕೆ ಅಂಟಿಕೊಂಡು ಕೂರುತ್ತವೆ. ಬೆಳಗಿನ ಜಾವ ರಸ್ತೆಯಲ್ಲಿ ಚಪ್ಪಟೆಯಾಗಿ ಬಿದ್ದಿರುವ ಜೀವಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಚಾಲಕರು ಸ್ವಲ್ಪ ನಿಧಾನಿಸಿದ್ದರೆ ಬದುಕುತ್ತಿದ್ದವು. ಇಂಡಿಕೇಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು, ನಾಲೆ ಬದಿಯ ಮಂಜು ಬೇರೆ ಇರುತ್ತವೆ. ಆದ್ದರಿಂದ ಸೂರ್ಯ ಮುಳುಗಿದ ಮೇಲೆ ಗಾಡಿ ಓಡಿಸುವ ಯೋಜನೆಯನ್ನೇ ಹಾಕಿಕೊಳ್ಳಬೇಡಿ. ಆಗ ಸುಮಾರು ಆರು ಗಂಟೆಗೇ ಮುಳುಗುತ್ತಾನೆ ಎಂಬುದು ನೆನಪಿರಲಿ.

ದಿನವನ್ನು ಹೀಗೆ ಹಂಚಿಕೊಳ್ಳಿ. ಬೆಳಕು ಹರಿಯುವ ಆರೂವರೆಯಿಂದ ಒಂಬತ್ತೂವರೆಯವರೆಗೆ ನೋಡುವ ಹೊತ್ತು. ಹತ್ತರಿಂದ ಮೂರರವರೆಗೆ ದಾರಿ ಸವೆಸುವುದು, ಊಟ, ಮಕ್ಕಳ ನಿದ್ದೆ. ನಾಲ್ಕರಿಂದ ಮತ್ತೆ ನೋಡುವ ಹೊತ್ತು. ಹತ್ತು ಗಂಟೆಯ ಸುಮಾರಿಗೆ ಮಾತ್ರ ಒಮ್ಮೆ ಆಕಾಶ ನೋಡಿ. ನೆಲ ಕಾದು ಬಿಸಿಗಾಳಿ ಮೇಲೇಳಲು ಆರಂಭವಾಗುವ ಸಮಯವದು. ಹದ್ದು, ಡೇಗೆಗಳು ರೆಕ್ಕೆ ಬಡಿಯದೆ ಆ ಗಾಳಿಯನ್ನೇರಿ ಸುತ್ತುತ್ತವೆ.

ಕಾರೇ ನಿಮ್ಮ ಅಡಗುತಾಣ. ಹಕ್ಕಿಗಳು ವಾಹನಕ್ಕೆ ಅಷ್ಟಾಗಿ ಹೆದರುವುದಿಲ್ಲ, ಎರಡು ಕಾಲಿನ ಆಕೃತಿಗೆ ಹೆದರುತ್ತವೆ. ಬಾಗಿಲು ತೆರೆದ ಕೂಡಲೇ ಹಾರುವ ಹಕ್ಕಿ, ಒಳಗೇ ಕೂತರೆ ಹತ್ತು ನಿಮಿಷ ಎದುರಿಗಿರುತ್ತದೆ. ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಎಂಜಿನ್ ಆರಿಸಿ (ಇಲ್ಲದಿದ್ದರೆ ಅದರ ನಡುಕ ದುರ್ಬೀನಿಗೂ ಬರುತ್ತದೆ), ಕಿಟಕಿಯ ಗಾಜನ್ನು ಅರ್ಧ ಇಳಿಸಿ ಅದರ ಮೇಲೆ ಮಡಿಸಿದ ಟವೆಲ್ ಹಾಕಿ ಮೊಣಕೈ ಊರಿ. ಅತ್ತೆಯವರಿಗೆ ಕೆರೆ ಏರಿಯ ಮೇಲೆ ಕೂರಲು ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ. ಅವರನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬೆಳವ, ಗೌಜಲು, ಟಿಟ್ಟಿಭಗಳ ಕೂಗು ಹಳ್ಳಿಯಲ್ಲಿ ಬೆಳೆದ ಆ ತಲೆಮಾರಿನವರಿಗೆ ಸಾಮಾನ್ಯವಾಗಿ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಮೊಮ್ಮಕ್ಕಳು ಕೇಳಲಿ.

ನಾಗಮಂಗಲ ದಾಟಿದ ಮೇಲೆ ನಾಲೆಯ ಹಸಿರು ಮುಗಿಯುತ್ತದೆ. ರಾಗಿ ಕೂಳೆ, ಬಂಡೆ, ಲಂಟಾನ, ತೆಂಗು ಬರುತ್ತವೆ. ಹತ್ತಿರದ ಆದಿಚುಂಚನಗಿರಿ 1981ರಿಂದ ನವಿಲುಧಾಮ. ನವಿಲು ಈಗ ಎಲ್ಲೆಡೆ ಇರುವುದರಿಂದ ಅದಕ್ಕಾಗಿಯೇ ದಾರಿ ತಿರುಗಿಸಬೇಕಿಲ್ಲ. ಹುಳಿಯಾರಿನಿಂದ ಹಿರಿಯೂರಿನ ಕಡೆ ಸಾಗುವಾಗ ಕಟಾವಾದ ಹೊಲಗಳಲ್ಲಿ ಕುರಿಮಂದೆಗಳು ಬೀಡುಬಿಟ್ಟಿರುತ್ತವೆ. ಅಲ್ಲಿ ನಿಲ್ಲಿಸಿ ಕುರಿಗಾಹಿಗಳನ್ನು ಮಾತನಾಡಿಸಿ. ತೋಳ, ನರಿ, ಕಾಡುಬೆಕ್ಕು ಎಲ್ಲಿ ಓಡಾಡುತ್ತಿವೆ ಎಂಬುದನ್ನು ಅವರಷ್ಟು ಖಚಿತವಾಗಿ ಯಾರೂ ಹೇಳಲಾರರು. ತೋಳ ಕಾಣುವುದು ಅದೃಷ್ಟದ ಮಾತು. ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದೇ ಮುಖ್ಯವಾಗಿ ತೋಳಗಳಿಗಾಗಿ, ಈಗ ಅಲ್ಲೂ ಅವು ಅಪರೂಪ. ಆದರೆ ಧೂಳಿನ ದಾರಿಯಲ್ಲಿ ಹೆಜ್ಜೆ ಗುರುತು ಓದುವುದನ್ನು ಕುರಿಗಾಹಿಯಿಂದ ಕಲಿತರೆ ಮಗನಿಗೆ ಉಳಿದ ದಾರಿಯೆಲ್ಲ ಅದೇ ಕೆಲಸವಾಗುತ್ತದೆ. ಬೆಕ್ಕಿನ ಜಾತಿಯ ಪ್ರಾಣಿಗಳು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತವೆ, ನಾಯಿಯ ಜಾತಿಯವುಗಳ ಉಗುರು ಮಣ್ಣಿನಲ್ಲಿ ಮೂಡುತ್ತದೆ. ಅಷ್ಟರಿಂದ ಶುರುಮಾಡಿ.

ಇನ್ನು ಕೆರೆ. ನಿಮ್ಮ ಎಂಟು ದಿನಗಳ ಹೆಚ್ಚಿನ ಹಕ್ಕಿಗಳು ಸಿಗುವುದು ಕೆರೆಗಳಲ್ಲೇ, ಆದ್ದರಿಂದ ಕೆರೆ ನೋಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏರಿಯ ಬದಿಯಲ್ಲಿ ನೀರು ಆಳ. ಅಲ್ಲಿ ಗುಳುಮುಳುಕ, ನೀರುಕಾಗೆಗಳಂತಹ ಮುಳುಗುವ ಹಕ್ಕಿಗಳಷ್ಟೇ ಇರುತ್ತವೆ. ಹೆಚ್ಚಿನ ಜನ ಏರಿಯ ಮೇಲೆ ನಿಂತು ನೋಡಿ, ಏನೂ ಇಲ್ಲವೆಂದು ಹೊರಟುಬಿಡುತ್ತಾರೆ. ಮಳೆನೀರು ಬಂದು ಸೇರುವ ಹಿಂಭಾಗದಲ್ಲಿ ಕೆರೆ ತೆಳುವಾಗಿ ಹರಡಿಕೊಂಡಿರುತ್ತದೆ. ಹಿಂಗಾರು ಮುಗಿದು ನೀರು ದಿನದಿನಕ್ಕೆ ಇಳಿಯತೊಡಗಿದಾಗ ಅಲ್ಲಿ ಹೊಸ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ. ಆ ಕೆಸರಿನೊಳಗಿನ ಹುಳುಗಳಿಗಾಗಿಯೇ ಉತ್ತರದ ನಾಡುಗಳಿಂದ ಗದ್ದೆಗೊರವಗಳು ಬರುತ್ತವೆ. ಊರಿನವರನ್ನು ಕೇಳಿ, ಸುತ್ತಿ, ಆ ಭಾಗಕ್ಕೆ ಹೋಗಿ. ಅಲ್ಲಿ ನೀರನ್ನು ಮೂರು ಪಟ್ಟಿಗಳಾಗಿ ನೋಡಿ: ಕೆಸರಿನ ಮೇಲೆ ಓಡಾಡುವವು, ಮೊಣಕಾಲು ನೀರಿನಲ್ಲಿ ನಿಲ್ಲುವ ಮೆಟ್ಟುಗಾಲು ಹಕ್ಕಿ, ಕೊಕ್ಕರೆ, ಚಮಚದ ಕೊಕ್ಕಿನವು, ಆಚೆ ತೇಲುವ ಬಾತುಗಳು. ಬಾತುಗಳಲ್ಲಿ ಬಾಲ ಸೂಜಿಯಂತೆ ಚೂಪಾಗಿ, ಕುತ್ತಿಗೆಯಲ್ಲಿ ಬಿಳಿ ಗೆರೆ ಇದ್ದರೆ ಅದು ಸೂಜಿಬಾಲದ ಗಂಡು ಬಾತು. ಕೊಕ್ಕು ಸನಿಕೆಯಂತೆ ಅಗಲವಾಗಿದ್ದರೆ ಚಲುಕದ ಬಾತು. ಇವೆರಡೂ ವಲಸಿಗರು. ಕೊಕ್ಕಿನ ತುದಿ ಹಳದಿಯಾಗಿರುವ ದೊಡ್ಡ ಕಂದು ಬಾತು ನಮ್ಮೂರಿನದೇ.

ಸೂರ್ಯ ಬೆನ್ನಿಗಿರಬೇಕು. ಬೆಳಿಗ್ಗೆಯಾದರೆ ಕೆರೆಯ ಪೂರ್ವದ ದಡ, ಸಂಜೆಯಾದರೆ ಪಶ್ಚಿಮದ ದಡ. ಇದನ್ನು ಮರೆತರೆ ಎಷ್ಟೇ ದುಬಾರಿ ದುರ್ಬೀನಿನಲ್ಲೂ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ. ಬಾತುಗಳೆಲ್ಲ ಒಮ್ಮೆಲೇ ಗಾಬರಿಯಿಂದ ಎದ್ದರೆ ಅವುಗಳನ್ನು ನೋಡುತ್ತಾ ನಿಲ್ಲಬೇಡಿ, ಅವುಗಳ ಮೇಲೆ ನೋಡಿ. ಜೌಗು ಸೆಳೆವ ಎಂಬ ಬೇಟೆಹಕ್ಕಿ ಜೊಂಡಿನ ಮೇಲೆ ತಗ್ಗಿನಲ್ಲಿ ತೇಲಿ ಬಂದಿರುತ್ತದೆ. ಕೋಡಿಯ ಬಳಿ, ತೂಬಿನ ಕೆಳಗಿನ ಗದ್ದೆಯಲ್ಲಿ ಮಿಂಚುಳ್ಳಿಗಳಿರುತ್ತವೆ. ಏರಿಯ ಮೇಲೆ ಬೆಳಗಿನ ಗಾಳಿ ಕೊರೆಯುತ್ತದೆ. ಅತ್ತೆಯವರಿಗೂ ಮಗನಿಗೂ ಕಿವಿ ಮುಚ್ಚುವ ಟೋಪಿ ಇರಲಿ.

ಹಿರಿಯೂರಿನಿಂದ ಚಿತ್ರದುರ್ಗ, ದಾವಣಗೆರೆ ದಾಟುತ್ತಾ ಕೆಂಪು ಮಣ್ಣು ಹಿಂದೆ ಉಳಿದು ಕರಿಮಣ್ಣು ಹೆಚ್ಚುತ್ತದೆ. ಮುಂದೆ ಹಾವೇರಿ, ಗದಗ ಜಿಲ್ಲೆಗಳಲ್ಲಿ ಹಿಂಗಾರಿ ಜೋಳ, ಕಡಲೆ, ಹತ್ತಿ. ಜೋಳಕ್ಕೆ ತೆನೆ ಬಂದಿದ್ದರೆ ಗುಲಾಬಿ ಕಬ್ಬಕ್ಕಿಗಳ ಹಿಂಡು ನೋಡಬಹುದು: ಕಪ್ಪು ತಲೆ, ಕಪ್ಪು ರೆಕ್ಕೆ, ಉಳಿದ ಮೈ ಮಾಸಲು ಗುಲಾಬಿ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆ ತಿಂದು ಮರಿ ಮಾಡಿ, ಇಲ್ಲಿ ಜೋಳಕ್ಕೆ ಬರುತ್ತವೆ. ರೈತರಿಗೆ ಅವುಗಳ ಮೇಲೆ ಕೋಪವಿದೆ, ಆ ಕೋಪ ನ್ಯಾಯವಾದದ್ದೇ. ಹೊಲದೊಳಗೆ ನುಗ್ಗಿ ಫೋಟೊ ತೆಗೆಯುವವರ ಮೇಲೂ ಇದೆ, ಅದು ಇನ್ನೂ ನ್ಯಾಯವಾದದ್ದು. ಬದುವಿನಲ್ಲೇ ನಿಲ್ಲಿ, ಕೇಳದೆ ಕಾಲಿಡಬೇಡಿ.

ರಾಣೆಬೆನ್ನೂರಿನಲ್ಲಿ ಒಂದು ರಾತ್ರಿ ತಂಗಿ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರದು. ಬಯಲನ್ನು ನೀಲಗಿರಿ ನೆಡುತೋಪು ಆವರಿಸಿರುವುದು ನನಗೆ ದುಃಖದ ವಿಷಯ, ಏಕೆಂದರೆ ಕೃಷ್ಣಮೃಗ ತೆರೆದ ಹುಲ್ಲುಗಾವಲಿನ ಪ್ರಾಣಿ. ಅಪಾಯವನ್ನು ದೂರದಿಂದ ಕಂಡು ಓಡಿ ಪಾರಾಗುವುದೇ ಅದರ ಬದುಕಿನ ಕ್ರಮ. ಒಂದು ಕಾಲಕ್ಕೆ ಎರೆಭೂತ ಪಕ್ಷಿಯೂ ಇದ್ದ ಸೀಮೆ ಇದು, ಈಗ ಇಲ್ಲ. ಮುಂಜಾನೆ ಹಿಂಡುಗಳು ಬಯಲಿನ ಅಂಚಿಗೆ ಬರುತ್ತವೆ. ತಿರುಚಿದ ಕೊಂಬಿನ ಗಂಡುಗಳಲ್ಲಿ ಕೆಲವು ಕಡುಗಪ್ಪು, ಕೆಲವು ಇನ್ನೂ ಕಂದು. ವಯಸ್ಸಾದಂತೆ ಕಪ್ಪಾಗುತ್ತವೆ ಎಂದು ಮಕ್ಕಳಿಗೆ ಹೇಳಿ, ಹಿಂಡಿನಲ್ಲಿ ಹಿರಿಯ ಯಾರೆಂದು ಅವರೇ ಗುರುತಿಸಲಿ. ಸಂಜೆ ಹುಲ್ಲಿನ ಬಯಲುಗಳ ಮೇಲೆ ಬಿಳಿ ಸೆಳೆವಗಳಿಗಾಗಿ ಕಾಯಿರಿ. ಕಜಕಸ್ತಾನದ ಕಡೆಯಿಂದ ಬರುವ ಈ ಬೇಟೆಹಕ್ಕಿಗಳು ಮರದಲ್ಲಿ ಮಲಗುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ರಾತ್ರಿ ಕಳೆಯುತ್ತವೆ.

ಇಡೀ ಪ್ರವಾಸದಲ್ಲಿ ಒಂದೇ ಬೆಳಗನ್ನು ಉಳಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಮಾಗಡಿ ಕೆರೆಯ ಬೆಳಗನ್ನು ಉಳಿಸಿಕೊಳ್ಳುತ್ತೇನೆ. ಇದು ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಹಳ್ಳಿ. 2024ರಲ್ಲಿ ಈ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಬೂದು ಮೈ. ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. 7,000 ಮೀಟರ್‌ಗಿಂತ ಎತ್ತರದಲ್ಲಿ ಅವು ಹಾರಿದ್ದು ಉಪಕರಣಗಳಿಂದ ದಾಖಲಾಗಿದೆ. ಆ ಎತ್ತರದಲ್ಲಿ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ಇದು ಸಾಧ್ಯವಾಗುತ್ತದೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ವಿಶ್ರಾಂತಿಗೆ ಮರಳುತ್ತವೆ, ಆದ್ದರಿಂದ ಸೂರ್ಯ ಹುಟ್ಟುವಾಗಲೇ ಅಲ್ಲಿರಿ ಮತ್ತು ಹತ್ತು ಗಂಟೆಯವರೆಗೆ ಕದಲಬೇಡಿ. ಸಾಲುಸಾಲಾಗಿ ಕೂಗುತ್ತಾ ಬಂದು ನೀರಿಗಿಳಿಯುವುದನ್ನು ಮಕ್ಕಳು ನೋಡಬೇಕು. ಏನೋ ಕಾರಣಕ್ಕೆ ಮಾಗಡಿ ತಪ್ಪಿದರೆ ಬೇಸರ ಬೇಡ. ಇದೇ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೂ ಬರುತ್ತವೆ, ಅದು ನಿಮಗೆ ಅರ್ಧ ದಿನದ ದಾರಿ.

ಹಂಪಿಯಲ್ಲಿ ಗುಡಿ, ಮಂಟಪಗಳಿಗೆ ಮಧ್ಯಾಹ್ನದ ಹೊತ್ತು ಕೊಡಿ. ಒಂದು ಸಂಜೆ ದರೋಜಿ ಕರಡಿಧಾಮಕ್ಕೆ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಎದುರಿನ ಬಂಡೆಗಳಿಗೆ ಸಿಹಿ ಸವರಿರುತ್ತಾರೆ, ವೀಕ್ಷಣಾ ಗೋಪುರದಿಂದ ಕರಡಿ ಇಳಿದು ಬರುವುದನ್ನು ನೋಡಬಹುದು. ಕಾಡಿನ ಕರಡಿಗೆ ಹೀಗೆ ತಿನಿಸು ಒಡ್ಡುವುದನ್ನು ನಾನು ಒಪ್ಪುವುದಿಲ್ಲ, ಆದರೂ ಆರು ವರ್ಷದ ನಿಮ್ಮ ಮಗನಿಗೆ ಅದನ್ನು ತಪ್ಪಿಸಿ ಎಂದು ಹೇಳಲಾರೆ. ಒಂದು ಬೆಳಿಗ್ಗೆ ತುಂಗಭದ್ರೆಯ ದಡದಲ್ಲಿ ಕೂರಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ಬಂಡೆಯ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ ಹಿಕ್ಕೆ ಕಂಡರೆ ನೀರುನಾಯಿ ಹತ್ತಿರದಲ್ಲೇ ಓಡಾಡಿದೆ ಎಂದರ್ಥ. ಹಗರಿಬೊಮ್ಮನಹಳ್ಳಿಯ ಕಡೆಯ ಅಂಕಸಮುದ್ರ ಕೆರೆಯನ್ನೂ ಸೇರಿಸಿಕೊಳ್ಳಿ. ನೀರಿನಲ್ಲಿ ಮುಳುಗಿ ನಿಂತ ಜಾಲಿಮರಗಳ ತುಂಬ ಹಕ್ಕಿಗಳು. ಅದೂ 2024ರಲ್ಲೇ ರಾಮ್ಸಾರ್ ಪಟ್ಟಿಗೆ ಸೇರಿದ್ದು.

ದುರ್ಬೀನಿನ ಪ್ರಶ್ನೆಗೆ: ಹೌದು, ಕೊಳ್ಳಿ, ಕ್ಯಾಮೆರಾಕ್ಕಿಂತ ಮೊದಲು ಅದನ್ನೇ ಕೊಳ್ಳಿ. 8×42 ಎಂದು ಬರೆದಿರುವುದು ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲವಿರುವುದರಿಂದ ಮುಂಜಾನೆಯ ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ಹತ್ತು ಪಟ್ಟಿನದು ಮಕ್ಕಳ ಕೈಯಲ್ಲೂ ಹಿರಿಯರ ಕೈಯಲ್ಲೂ ನಡುಗುತ್ತದೆ. ಇಪ್ಪತ್ತು, ಮೂವತ್ತು ಪಟ್ಟು ಎಂದು ಅಗ್ಗದಲ್ಲಿ ಮಾರುವುದನ್ನು ಮುಟ್ಟಬೇಡಿ. ಮಗನಿಗೆ ಕಣ್ಣಿಗಿಟ್ಟುಕೊಂಡು ಹಕ್ಕಿ ಹುಡುಕಲು ಆಗುವುದಿಲ್ಲ. ಮೊದಲು ಬರಿಗಣ್ಣಿನಲ್ಲಿ ಹಕ್ಕಿಯನ್ನು ಹಿಡಿದು, ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಲು ಹೇಳಿಕೊಡಿ. ಹೊರಡುವ ಮುಂಚಿನ ಭಾನುವಾರ ಮೈಸೂರಿಗೆ ಬಂದು ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ಬೆಳಿಗ್ಗೆ ಅಭ್ಯಾಸ ಮಾಡಿಸಿದರೆ ಸಾಕು. ಹಕ್ಕಿ ಗುರುತಿಸಲು ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಭಾರತದ ಹಕ್ಕಿಗಳ ಕಂತೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಕೆರೆಗಳ ಬಳಿ ನೆಟ್‌ವರ್ಕ್ ನಂಬುವಂತಿಲ್ಲ. ಆ್ಯಪ್‌ನಲ್ಲಿರುವ ಕೂಗನ್ನು ಹಾಕಿ ಹಕ್ಕಿಯನ್ನು ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಹಕ್ಕಿ ಬಂತೆಂದು ಅದು ಮೇವು ಬಿಟ್ಟು ಹುಡುಕುತ್ತಾ ದಣಿಯುತ್ತದೆ. ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ. ತಿನ್ನಲು ರಸ್ತೆಗೆ ಬಂದ ಮಂಗ ರಸ್ತೆಯಲ್ಲೇ ಸಾಯುತ್ತದೆ.

ಮರಳುವಾಗ ಚಿತ್ರದುರ್ಗ, ಹಿರಿಯೂರು, ತುಮಕೂರು, ಕುಣಿಗಲ್ ಮಾರ್ಗವಾಗಿ ಮದ್ದೂರಿಗೆ ಇಳಿಯಿರಿ. ಕೊನೆಯ ದಿನದ ಸಂಜೆಗೆ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳು (ಪೆಲಿಕನ್) ಆ ಹೊತ್ತಿಗೆ ಬಂದಿರುತ್ತವೆ. ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಅವು ಗೂಡು ಕಟ್ಟುತ್ತವೆ, ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಊರಿನವರು ಹಕ್ಕಿಗಳ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾ ಬಂದಿದ್ದಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು, ಆದರೆ ಅದಕ್ಕೂ ಬಹಳ ಹಿಂದಿನಿಂದ ಮರ ಕಡಿಯದೆ ಕಾದವರು ಆ ಊರಿನವರೇ. ಮರದ ಅಡಿಯಲ್ಲಿ ಗಲಾಟೆ ಬೇಡ, ಅಂಗಳಕ್ಕೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. ಬಣ್ಣದ ಕೊಕ್ಕರೆಗಳು ಡಿಸೆಂಬರ್‌ನಲ್ಲಿ ಇನ್ನೂ ನೆಲೆಯೂರಿರುವುದಿಲ್ಲ. ಫೆಬ್ರವರಿಯ ಯಾವುದಾದರೂ ಭಾನುವಾರ ಮಕ್ಕಳನ್ನು ಅಲ್ಲಿಗೆ ಮತ್ತೊಮ್ಮೆ ಕರೆದುಕೊಂಡು ಹೋಗಿ, ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯಷ್ಟೇ.